ರೇಡಾರ್ ಸೀಕರ್ (ಪ್ರತಿಬಂಧಕ ಕ್ಷಿಪಣಿಗಳಲ್ಲಿ)

ಎದುರಾಗುವ ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆಯುವ ಪ್ರತಿಬಂಧಕದ ಮೂತಿಯಲ್ಲಿದ್ದು, ಕೊನೆಯ ಕ್ಷಣಗಳಲ್ಲಿ ಗುರಿಯನ್ನು ತಾನೇ ಹುಡುಕುವ ಪುಟ್ಟ ರೇಡಾರ್. ಮೊದಲು ಇದು ಬೇಕೆನಿಸಿರಲಿಲ್ಲ. 1970ರ ದಶಕದ ಅಮೆರಿಕದ ಸ್ಪ್ರಿಂಟ್ ಕ್ಷಿಪಣಿ ನೆಲದ ರೇಡಾರ್ ಹೇಳಿದತ್ತ ಹಾರುತ್ತಿತ್ತು. ಸಿಡಿತಲೆಯೇ ಅಣ್ವಸ್ತ್ರವಾದ್ದರಿಂದ ಗುರಿ ಒಂದಿಷ್ಟು ತಪ್ಪಿದರೂ ನಡೆಯುತ್ತಿತ್ತು.

ಅಣುಸಿಡಿತಲೆಯನ್ನು ಬಿಟ್ಟು, ನೇರ ಡಿಕ್ಕಿಯಿಂದಲೇ ನಾಶಮಾಡುವ ಯೋಚನೆ ಬಂದಾಗ ಸೀಕರ್‌ಗೆ ಬೆಲೆ ಬಂತು. 1980ರ ದಶಕದಲ್ಲಿ ಎಲ್‌ಟಿವಿ ಕಂಪನಿ ಫ್ಲೇಜ್ ಎಂಬ ಪ್ರಯೋಗ ಕ್ಷಿಪಣಿಯನ್ನು ಕಟ್ಟಿತು. 1987ರ ಮೇನಲ್ಲಿ ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನಲ್ಲಿ ಅದು ಲ್ಯಾನ್ಸ್ ಕ್ಷಿಪಣಿಗೆ ನೇರವಾಗಿ ಬಡಿಯಿತು. ಇದರ ಮುಂದುವರಿಕೆಯೇ ಎರಿಂಟ್.

1991ರ ಕೊಲ್ಲಿ ಯುದ್ಧ ಈ ದಾರಿಗೆ ಪುಷ್ಟಿ ಕೊಟ್ಟಿತು. ಅಮೆರಿಕದ ಆಗಿನ ಪ್ರತಿಬಂಧಕ ಪೇಟ್ರಿಯಟ್ ತಾನು ಹಿಡಿದ ಪ್ರತಿಧ್ವನಿಯನ್ನು ನೆಲಕ್ಕೆ ರವಾನಿಸಿ, ಅಲ್ಲಿಂದ ಬಂದ ಆಜ್ಞೆಯಂತೆ ತಿರುಗಿ, ಗುರಿಯ ಹತ್ತಿರ ಸಿಡಿದು ಚೂರುಗಳನ್ನು ಎರಚುತ್ತಿತ್ತು. ಇರಾಕಿನ ಸ್ಕಡ್ ಕ್ಷಿಪಣಿಗಳೋ ವಾತಾವರಣ ಹೊಕ್ಕಾಗಲೇ ಒಡೆದು ತಲೆಕೆಳಗಾಗಿ ಉರುಳುತ್ತಿದ್ದವು; ಒಡಲಿಗೆ ಚೂರು ತಗುಲಿದರೂ ಸಿಡಿತಲೆ ಮಾತ್ರ ಕೆಳಕ್ಕೆ ಬಂದು ಬೀಳಬಹುದಿತ್ತು. ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಸ್ಕಡ್ ಬಿದ್ದು 28 ಅಮೆರಿಕನ್ ಸೈನಿಕರು ಸತ್ತ ದುರಂತವನ್ನೂ ಇದೇ ಲೆಕ್ಕಕ್ಕೆ ಸೇರಿಸುವವರಿದ್ದಾರೆ, ಆದರೆ ಅದು ನೆಲದ ಕಂಪ್ಯೂಟರಿನ ಸಮಯದ ಲೆಕ್ಕ ತಪ್ಪಿದ್ದರ ಫಲ. ಪ್ರತಿಬಂಧಕ ಹಾರಲೇ ಇಲ್ಲ.

1994ರಲ್ಲಿ ಎರಿಂಟ್ ಪೇಟ್ರಿಯಟ್‌ನ ಹೊಸ ಕ್ಷಿಪಣಿ ಪಿಎಸಿ-3 ಆಗಿ ಆಯ್ಕೆಯಾಯಿತು. ಇದರ ಸೀಕರ್ ಕೆಎ ಬ್ಯಾಂಡಿನಲ್ಲಿ ಕೆಲಸ ಮಾಡುತ್ತದೆ. ಅಲ್ಲಿ ತರಂಗಾಂತರ ಸುಮಾರು 8 ಮಿ.ಮೀ.; ಹಾಗಾಗಿ ಕೇವಲ 25 ಸೆಂ.ಮೀ. ದಪ್ಪದ ಮೂತಿಯೊಳಗೆ ಹಿಡಿಸುವ ಆಂಟೆನಾದಿಂದಲೂ ಕಿರಿದಾದ, ನಿಖರ ಕಿರಣ ಸಿಗುತ್ತದೆ. ಆದರೆ ಈ ತರಂಗಗಳನ್ನು ಮಳೆ, ತೇವ ಹೀರಿಕೊಳ್ಳುತ್ತವೆ, ದೂರ ಸಾಗುವುದಿಲ್ಲ. ಅದಕ್ಕೇ ಕ್ಷಿಪಣಿಯನ್ನು ಗುರಿಯ ಹತ್ತಿರಕ್ಕೆ ಒಯ್ಯುವುದು ಈಗಲೂ ನೆಲದ ರೇಡಾರೇ. ಸೀಕರ್ ಕಂಡ ಅಲ್ಪ ವ್ಯತ್ಯಾಸವನ್ನು ತಿದ್ದಲು ರೆಕ್ಕೆಗಳ ವೇಗ ಸಾಲದು. ಮೂತಿಯ ಹಿಂದೆ ಉಂಗುರದಂತೆ ಜೋಡಿಸಿದ 180 ಪುಟ್ಟ ರಾಕೆಟ್‌ಗಳಲ್ಲಿ ಬೇಕಾದವು ಉರಿದು ಕ್ಷಿಪಣಿಯನ್ನು ಪಕ್ಕಕ್ಕೆ ತಳ್ಳುತ್ತವೆ. 1999ರ ಮಾರ್ಚ್‌ನಲ್ಲಿ ನಡೆದ, ಮುಖ್ಯವಾಗಿ ಸೀಕರ್ ಪರೀಕ್ಷೆಗೆಂದೇ ಏರ್ಪಾಡಾಗಿದ್ದ ಹಾರಾಟ ಗುರಿಯನ್ನೂ ಹೊಡೆದುರುಳಿಸಿತು. ರಣರಂಗದಲ್ಲಿ ಮೊದಲ ಬಳಕೆ 2003ರ ಇರಾಕ್ ಯುದ್ಧದಲ್ಲಿ.

ಭಾರತದ ಪ್ರತಿಬಂಧಕ ಕಾರ್ಯಕ್ರಮ 2006ರ ನವೆಂಬರ್‌ನಲ್ಲಿ ಮೊದಲ ಯಶಸ್ಸು ಕಂಡಿತು. ಅದರ ದೂರಗಾಮಿ ಸ್ವೋರ್ಡ್‌ಫಿಶ್ ರೇಡಾರ್ ಬೆಂಗಳೂರಿನ ಎಲ್‌ಆರ್‌ಡಿಇ ಪ್ರಯೋಗಾಲಯದ್ದು. ಸೀಕರ್ ಕೆಲಸ ಹೈದರಾಬಾದಿನ ರಿಸರ್ಚ್ ಸೆಂಟರ್ ಇಮಾರತ್‌ನದು.