ತಾಲ್ಲೂಕು ಆಸ್ಪತ್ರೆಯ ಸಮಾಲೋಚನಾ ಕೋಣೆ: ಒಂದು ಚರಿತ್ರೆ

ನಮ್ಮ ಶಿವಮೊಗ್ಗ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 1988ರ ನವೆಂಬರ್ 14ರಂದು. ಅದಾದ ಹದಿನೇಳು ದಿನಗಳಿಗೆ, ಡಿಸೆಂಬರ್ 1ರಂದು, ಜಗತ್ತು ಮೊತ್ತಮೊದಲ ಬಾರಿಗೆ ವಿಶ್ವ ಏಡ್ಸ್ ದಿನವನ್ನು ಆಚರಿಸಿತು. ಈ ಎರಡು ಘಟನೆಗಳಿಗೆ ಪರಸ್ಪರ ಸಂಬಂಧವೇನೂ ಇಲ್ಲ. ಆದರೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಈ ರೋಗದ ವಿರುದ್ಧ ನಡೆದ ಕಾರ್ಯದ ಚರಿತ್ರೆಯನ್ನು ಬರೆಯಹೊರಟರೆ, ಅದರ ವಯಸ್ಸೂ ನಮ್ಮ ಧರ್ಮಕ್ಷೇತ್ರದ ವಯಸ್ಸೂ ಹೆಚ್ಚುಕಡಿಮೆ ಒಂದೇ ಎಂಬುದು ಮನಸ್ಸಿಗೆ ಬರುತ್ತದೆ.

ಅಮೆರಿಕದಲ್ಲಿ ಈ ರೋಗ ಮೊದಲು ವರದಿಯಾದದ್ದು 1981ರ ಜೂನ್‌ನಲ್ಲಿ. ಎರಡು ವರ್ಷಗಳ ತರುವಾಯ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ವೈರಾಣು ಪತ್ತೆಯಾಯಿತು. ನಮ್ಮ ದೇಶದಲ್ಲಿ ಆಗ ಬಹುಮಂದಿ, ಇದು ಪರದೇಶದ ಪೀಡೆ, ನಮ್ಮ ಸಂಸ್ಕೃತಿಗೆ ತಾಗದು ಎಂದು ನಂಬಿ ಕುಳಿತಿದ್ದರು. ಆ ನಂಬಿಕೆಯನ್ನು ಒಡೆದವರು ಇಬ್ಬರು ಮಹಿಳೆಯರು. 1986ರಲ್ಲಿ ಮದ್ರಾಸ್ ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸಾಲೋಮನ್ ಅವರು ತಮ್ಮ ವಿದ್ಯಾರ್ಥಿನಿ ಡಾ. ನಿರ್ಮಲಾ ಅವರಿಗೆ ಈ ವಿಷಯವನ್ನು ಸಂಶೋಧನೆಗೆ ಕೊಟ್ಟರು. ನಿರ್ಮಲಾ ಅವರು ಸಮಾಜ ದೂರವಿಟ್ಟ ಹೆಣ್ಣುಮಕ್ಕಳ ಬಳಿಗೆ ಹೋಗಿ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ಪರೀಕ್ಷಿಸುವ ಸೌಲಭ್ಯ ಮದ್ರಾಸಿನಲ್ಲಿ ಇರಲಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲಿ ಆರು ಮಾದರಿಗಳಲ್ಲಿ ಸೋಂಕು ಕಂಡುಬಂದಿತು. ಭಾರತದ ಏಡ್ಸ್ ಚರಿತ್ರೆ ಆರಂಭವಾದದ್ದು ಹೀಗೆ, ಒಂದು ಕ್ರೈಸ್ತ ಆಸ್ಪತ್ರೆಯ ಪ್ರಯೋಗಾಲಯದಲ್ಲಿ. ಡಾ. ಸಾಲೋಮನ್ ಅವರು 1993ರಲ್ಲಿ ಸರ್ಕಾರಿ ಹುದ್ದೆಯ ಆಸರೆಯನ್ನು ಬಿಟ್ಟು ಈ ರೋಗಿಗಳಿಗಾಗಿಯೇ ಸಂಸ್ಥೆ ಕಟ್ಟಿದರು, 2015ರಲ್ಲಿ ನಿಧನರಾದರು.

1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಹುಟ್ಟಿತು. 1997ರಲ್ಲಿ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ರಚನೆಯಾಯಿತು. ಅದೇ ವರ್ಷದ ಆಗಸ್ಟ್ 15ರಂದು, ಚನ್ನಗಿರಿ ತಾಲ್ಲೂಕಿನವರೇ ಆದ ಮುಖ್ಯಮಂತ್ರಿ ಜೆ.ಎಚ್. ಪಟೇಲರ ಕಾಲದಲ್ಲಿ, ದಾವಣಗೆರೆ ಜಿಲ್ಲೆ ಅಸ್ತಿತ್ವಕ್ಕೆ ಬಂದಿತು. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ತಾನೇ ತಾಲ್ಲೂಕಾದದ್ದು ಈಚಿನ ಮಾತು. ಜಿಲ್ಲೆಯ ಗಡಿ ಬದಲಾದರೂ ಧರ್ಮಕ್ಷೇತ್ರದ ಗಡಿ ಬದಲಾಗಲಿಲ್ಲ. ಮೂರೂ ಜಿಲ್ಲೆಗಳು ನಮ್ಮ ಧರ್ಮಾಧ್ಯಕ್ಷರ ಪಾಲನೆಯಲ್ಲೇ ಉಳಿದವು. ರೋಗಿಯ ಕಾಲಿಗೂ ಸರ್ಕಾರದ ಗಡಿ ತಿಳಿಯದು. ಹೊನ್ನಾಳಿಯವನು ಅಭ್ಯಾಸಬಲದಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಬಸ್ಸನ್ನೇ ಹತ್ತುತ್ತಾನೆ. ಇನ್ನು ಈ ರೋಗಕ್ಕಾದರೆ, ಪರಿಚಿತರು ಯಾರೂ ಕಾಣದ ಊರನ್ನೇ ಹುಡುಕಿಕೊಂಡು ಹೋಗುವವರೂ ಇದ್ದಾರೆ.

ಆ ಕಾಲದ ಭಯವನ್ನು ಇಂದಿನ ತರುಣರಿಗೆ ವಿವರಿಸುವುದು ಕಷ್ಟ. ಗರ್ಭಿಣಿಯರ ರಕ್ತಪರೀಕ್ಷೆಯ ಸಮೀಕ್ಷೆಗಳಲ್ಲಿ ಶೇಕಡಾ 1ಕ್ಕಿಂತ ಹೆಚ್ಚು ಸೋಂಕು ಕಂಡ ಆರು ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು. ಮಳೆ ಕೈಕೊಟ್ಟಾಗ ಜಗಳೂರಿನ ಬರಸೀಮೆಯ ಜನ ಕೂಲಿ ಅರಸಿ ದೂರದ ಊರುಗಳಿಗೆ ಗುಳೆ ಹೋಗುವುದು ಹಳೆಯ ಕಥೆ. ಪುಣೆ–ಬೆಂಗಳೂರು ಹೆದ್ದಾರಿ ಹಾದುಹೋಗುವುದು ದಾವಣಗೆರೆ, ಹರಿಹರಗಳ ಪಕ್ಕದಲ್ಲೇ. ಆದರೆ ಲಾರಿ ಚಾಲಕರನ್ನೂ ಗುಳೆ ಹೋದವರನ್ನೂ ಬೆರಳು ಮಾಡಿ ತೋರಿಸಿ ಕೈತೊಳೆದುಕೊಂಡದ್ದು ನ್ಯಾಯವಲ್ಲ. ಮನೆಯ ಹೊಸಿಲು ದಾಟದ ಎಷ್ಟೋ ಹೆಂಡಂದಿರು ಗಂಡಂದಿರಿಂದ ಸೋಂಕು ಪಡೆದರು. ಕೆಲವರಿಗೆ ರಕ್ತ ಪಡೆದದ್ದೇ ಮುಳುವಾಯಿತು. ದಾನಿಗಳ ರಕ್ತವನ್ನು ಪರೀಕ್ಷಿಸುವುದು 1989ರಲ್ಲಿ ಕಡ್ಡಾಯವಾಗಿತ್ತಾದರೂ, ಹಣಕ್ಕಾಗಿ ರಕ್ತ ಮಾರುವ ಪದ್ಧತಿಗೆ ತೆರೆಬಿದ್ದದ್ದು ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನ ಫಲವಾಗಿ, 1998ರ ಜನವರಿ 1ರಿಂದ.

ತಾಲ್ಲೂಕು ಆಸ್ಪತ್ರೆಗಳ ಒಳಗೆ ಬದಲಾವಣೆ ಬಂದದ್ದು ಸದ್ದಿಲ್ಲದೆ. ಮೊದಲು ಸ್ವಯಂಪ್ರೇರಿತ ಪರೀಕ್ಷೆಗೆ ಒಂದು ಕೇಂದ್ರ, ಗರ್ಭಿಣಿಯರಿಗೆ ಇನ್ನೊಂದು ಎಂದು ಇದ್ದವು. 2006ರ ಸುಮಾರಿಗೆ ಎರಡನ್ನೂ ಒಂದುಗೂಡಿಸಿ ಐ.ಸಿ.ಟಿ.ಸಿ. ಎಂದು ಕರೆದರು. ಹೆಸರು ಸರ್ಕಾರಿ ಕಡತದಂತಿದೆ. ಕೆಲಸ ಮಾತ್ರ ಮನುಷ್ಯನದು. ಆಪ್ತಸಮಾಲೋಚಕರೊಬ್ಬರು, ಪ್ರಯೋಗಾಲಯದ ತಂತ್ರಜ್ಞರೊಬ್ಬರು, ಬಾಗಿಲು ಮುಚ್ಚಬಹುದಾದ ಒಂದು ಕೋಣೆ. ಪರೀಕ್ಷೆ ಉಚಿತ. ರಕ್ತ ತೆಗೆಯುವ ಮುನ್ನ ಒಂದು ಮಾತುಕತೆ, ಫಲಿತಾಂಶ ಬಂದ ಮೇಲೆ ಮತ್ತೊಂದು. ಒಪ್ಪಿಗೆಯಿಲ್ಲದೆ ಸೂಜಿ ಚುಚ್ಚುವಂತಿಲ್ಲ. ಮೊದಲ ಪರೀಕ್ಷೆಯಲ್ಲಿ ಸೋಂಕಿನ ಸೂಚನೆ ಬಂದರೆ ಬೇರೆ ಬೇರೆ ಬಗೆಯ ಕಿಟ್‌ಗಳಿಂದ ಮತ್ತೆ ಪರೀಕ್ಷಿಸಿ, ಮೂರೂ ಒಂದೇ ಮಾತು ಹೇಳಿದರಷ್ಟೇ ಸೋಂಕಿದೆ ಎಂದು ನಿರ್ಧರಿಸುವರು. ಸಣ್ಣ ಆರೋಗ್ಯ ಕೇಂದ್ರಗಳಲ್ಲಿ ಅಲ್ಲಿನ ದಾದಿಯರಿಗೇ ತರಬೇತಿ ಕೊಟ್ಟು ಈ ಸೇವೆಯನ್ನು ವಿಸ್ತರಿಸಲಾಯಿತು. ಕ್ಷಯದ ಚಿಕಿತ್ಸೆಗೆ ಬಂದವರಿಗೂ ಗರ್ಭಿಣಿಯರಿಗೂ ಈ ಪರೀಕ್ಷೆಯನ್ನು ಸೂಚಿಸುವುದು ವಾಡಿಕೆಯಾಯಿತು.

ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಮಹತ್ವದ್ದಾಗಿ ತೋರುವುದು ತಾಯಿ–ಮಗುವಿನ ಅಧ್ಯಾಯ. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ಸೋಂಕಿತ ತಾಯಿಯಿಂದ ಮಗುವಿಗೆ ಗರ್ಭದಲ್ಲೋ ಹೆರಿಗೆಯಲ್ಲೋ ಎದೆಹಾಲಿನಲ್ಲೋ ರೋಗ ದಾಟುವ ಸಂಭವ ಶೇಕಡಾ 15ರಿಂದ 45. 1999ರಲ್ಲಿ ಉಗಾಂಡದ ಅಧ್ಯಯನವೊಂದು, ಹೆರಿಗೆಯ ನೋವು ಆರಂಭವಾದಾಗ ತಾಯಿಗೆ ಒಂದು ನೆವಿರಾಪಿನ್ ಮಾತ್ರೆಯನ್ನೂ ಹುಟ್ಟಿದ ಮಗುವಿಗೆ ಕೆಲವು ಹನಿ ಔಷಧವನ್ನೂ ಕೊಟ್ಟರೆ ಈ ಅಪಾಯ ಅರ್ಧದಷ್ಟು ತಗ್ಗುವುದೆಂದು ತೋರಿಸಿತು. ಬಡದೇಶಗಳ ಹೆರಿಗೆ ಕೋಣೆಗಳಿಗೆ ಅದೊಂದು ಬೆಳಕು. ಭಾರತದ ಸರ್ಕಾರಿ ಆಸ್ಪತ್ರೆಗಳೂ ಅದನ್ನೇ ಹಿಡಿದವು. 2014ರಿಂದ ಇನ್ನೂ ಉತ್ತಮ ಕ್ರಮ ಬಂದಿತು: ಸೋಂಕಿತ ಗರ್ಭಿಣಿಗೆ ಅಂದಿನಿಂದಲೇ ಜೀವನಪರ್ಯಂತ ಎ.ಆರ್.ಟಿ. ಔಷಧ. ಮಗುವಿಗೆ ಹುಟ್ಟಿದಂದಿನಿಂದ ಕನಿಷ್ಠ ಆರು ವಾರ ಔಷಧ, ಆರು ವಾರ ತುಂಬಿದಾಗ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಗಳ ಪರೀಕ್ಷೆ, ಹದಿನೆಂಟು ತಿಂಗಳಿಗೆ ಅಂತಿಮ ಪರೀಕ್ಷೆ. ಇವೆಲ್ಲವೂ ಕ್ರಮವಾಗಿ ನಡೆದರೆ ಅಪಾಯ ಶೇಕಡಾ 5ಕ್ಕಿಂತ ಕೆಳಗಿಳಿಯುತ್ತದೆ. ಆ ಹದಿನೆಂಟು ತಿಂಗಳುಗಳ ಕಾಯುವಿಕೆಯನ್ನು ಒಬ್ಬ ತಾಯಿ, ಎಷ್ಟೋ ವೇಳೆ ಅತ್ತೆಮಾವಂದಿರಿಗೂ ತಿಳಿಯದಂತೆ, ಒಬ್ಬಳೇ ಹೊರುತ್ತಾಳೆ ಎಂಬುದನ್ನು ಯಾವ ಅಂಕಿಅಂಶವೂ ಹೇಳುವುದಿಲ್ಲ.

ಉಚಿತ ಎ.ಆರ್.ಟಿ. ಚಿಕಿತ್ಸೆ 2004ರ ಏಪ್ರಿಲ್ 1ರಂದು ಆರಂಭವಾದಾಗ ಆಯ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಆರಂಭದಲ್ಲಿ ಔಷಧಕ್ಕಾಗಿ ದೊಡ್ಡ ಊರಿಗೇ ಹೋಗಬೇಕಿತ್ತು. ಕೂಲಿಯವನಿಗೆ ಅದು ಬಸ್ಸಿನ ಖರ್ಚಿನ ಜೊತೆಗೆ ಒಂದು ದಿನದ ಸಂಪಾದನೆಯ ನಷ್ಟ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಂತಹ ಕಡೆಗಳಿಗೆ ಸೇವೆ ಬಂದದ್ದು, ತಾಲ್ಲೂಕುಗಳಲ್ಲಿ ಲಿಂಕ್ ಎ.ಆರ್.ಟಿ. ಎಂಬ ಉಪಕೇಂದ್ರಗಳ ವ್ಯವಸ್ಥೆಯಾದದ್ದು ಈ ಕಾರಣಕ್ಕೇ. 2017ರಿಂದ ಸೋಂಕು ಪತ್ತೆಯಾದ ಎಲ್ಲರಿಗೂ ತಡಮಾಡದೆ ಚಿಕಿತ್ಸೆ ಎಂಬ ನಿಯಮ ಜಾರಿಗೆ ಬಂದಿತು. ಔಷಧ ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ತಗ್ಗಿದವರಿಂದ ಬಾಳಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡದೆಂಬುದೂ ಈಗ ಸಿದ್ಧವಾಗಿದೆ. ಹೀಗೆ ಚಿಕಿತ್ಸೆಯೇ ತಡೆಯೂ ಆಯಿತು.

ಧರ್ಮಸಭೆ ಈ ನಡುವೆ ಏನು ಮಾಡಿತು? ಮದರ್ ತೆರೇಸಾ 1985ರ ಕ್ರಿಸ್ಮಸ್ ಮುನ್ನಾದಿನ ನ್ಯೂಯಾರ್ಕಿನಲ್ಲಿ ಏಡ್ಸ್ ರೋಗಿಗಳಿಗೊಂದು ಮನೆ ತೆರೆದರು. 1987ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಅವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೋಂಕಿತ ಬಾಲಕನೊಬ್ಬನನ್ನು ಅಪ್ಪಿಕೊಂಡರು. ಬೆಂಗಳೂರಿನಲ್ಲಿ ಸಂತ ಕಮಿಲ್ಲಸರ ಸಭೆಯ ಗುರುಗಳು ಸ್ನೇಹದಾನ್ ಆರಂಭಿಸಿದರು. ಭಾರತದ ಧರ್ಮಾಧ್ಯಕ್ಷರ ಮಂಡಳಿ 2005ರಲ್ಲಿ ಏಡ್ಸ್ ಕುರಿತ ತನ್ನ ನೀತಿಯನ್ನು ಪ್ರಕಟಿಸಿತು. ಇವು ಹೆಮ್ಮೆಯ ಸಂಗತಿಗಳು. ಆದರೆ ಸಾಮಾನ್ಯ ಧರ್ಮಕೇಂದ್ರಗಳಲ್ಲಿ ನಾವು ಬಹುಕಾಲ ಈ ರೋಗವನ್ನು ಪಾಪದ ಪ್ರಸಂಗದಲ್ಲಿ ಮಾತ್ರ ಪ್ರಸ್ತಾಪಿಸುತ್ತಿದ್ದೆವು. ನಿರೋಧದ ಪ್ರಶ್ನೆಯಲ್ಲಿ ಸರ್ಕಾರದ ಪ್ರಚಾರಕ್ಕೂ ಸಭೆಯ ಬೋಧನೆಗೂ ಇದ್ದ ಅಂತರ ಎಲ್ಲರಿಗೂ ತಿಳಿದದ್ದೇ. ದಾಂಪತ್ಯ ನಿಷ್ಠೆಯ ಬೋಧನೆ ನನ್ನ ದೃಷ್ಟಿಯಲ್ಲಿ ಇಂದಿಗೂ ಸರಿಯೇ. ಆದರೆ ನಿಷ್ಠೆಯಿಂದಲೇ ಬಾಳಿ ಸೋಂಕು ಪಡೆದ ಹೆಣ್ಣುಮಗಳಿಗೆ ಆ ಬೋಧನೆಯೊಂದನ್ನೇ ಕೊಟ್ಟು ಕಳುಹಿಸಲಾಗದು. ಆಸ್ಪತ್ರೆಯ ಸಮಾಲೋಚಕರು ಆಕೆಗೆ ಹೇಳುವುದನ್ನು ಅಡ್ಡಿಪಡಿಸದಿರುವಷ್ಟು ವಿವೇಕ ನಮಗಿರಬೇಕು.

ಮದುವೆಗೆ ಮುನ್ನ ರಕ್ತಪರೀಕ್ಷೆಯ ಪ್ರಮಾಣಪತ್ರ ಕೇಳಬೇಕೆಂದು ಹಿರಿಯರು ಆಗಾಗ ಸೂಚಿಸುತ್ತಾರೆ. ಅವರ ಕಾಳಜಿ ಅರ್ಥವಾಗುವಂಥದ್ದು. ಆದರೆ ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲಿ ಪರೀಕ್ಷೆ ಅದನ್ನು ಗುರುತಿಸದೆಯೂ ಹೋಗಬಹುದು. ಅಂತಹ ಪತ್ರ ಸುಳ್ಳು ಧೈರ್ಯ ಕೊಟ್ಟೀತು. ಅಲ್ಲದೆ ಬಲವಂತದ ಕಾಗದ ಹತ್ತು ಕೈಗಳನ್ನು ದಾಟಿ ಊರಿಗೆಲ್ಲ ಸುದ್ದಿಯಾಗುತ್ತದೆ. ವಧೂವರರಿಬ್ಬರೂ ಜೊತೆಯಾಗಿ, ತಾವಾಗಿಯೇ ಆ ಕೋಣೆಗೆ ಹೋಗುವಂತೆ ವಿವಾಹ ಸಿದ್ಧತೆಯ ತರಗತಿಯಲ್ಲಿ ತಿಳಿಹೇಳುವುದು ಮೇಲು. 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಕಾಯಿದೆ, ಒಪ್ಪಿಗೆಯಿಲ್ಲದ ಪರೀಕ್ಷೆಯನ್ನೂ ಗುಟ್ಟು ಬಯಲುಮಾಡುವುದನ್ನೂ ನಿಷೇಧಿಸಿದೆ. ಶಾಲೆ, ಉದ್ಯೋಗ, ಆಸ್ಪತ್ರೆ, ಬಾಡಿಗೆಮನೆಗಳಲ್ಲಿ ಭೇದಭಾವ ಕೂಡದೆಂದಿದೆ. ಸೋಂಕಿತರಿಗೆ ಕುಟುಂಬದ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಅದು ಕೊಟ್ಟಿದೆ. ಗಂಡ ಸತ್ತ ಮೇಲೆ ಮಗುವಿನೊಡನೆ ತವರಿಗೆ ಅಟ್ಟಲ್ಪಟ್ಟ ಹೆಣ್ಣುಮಗಳು ನಮ್ಮ ಯಾವುದೇ ಧರ್ಮಕೇಂದ್ರದಲ್ಲಿದ್ದರೆ, ಆಕೆಗೆ ಮೊದಲು ತಿಳಿಸಬೇಕಾದದ್ದು ಇದನ್ನು. 1097 ಎಂಬ ಸಂಖ್ಯೆಗೆ ಉಚಿತವಾಗಿ ಕರೆಮಾಡಿದರೆ ಹತ್ತಿರದ ಕೇಂದ್ರ ಯಾವುದೆಂದು ಹೇಳುತ್ತಾರೆ; ಹೆಸರು ಹೇಳಬೇಕಾಗಿಲ್ಲ.