ಎಲುಬು ಹೇಳದ ಹೆಸರು

ಮನೆಯ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಜೀವಂತ ಹವಳ ಸಾಕುವ ಹವ್ಯಾಸ ಅಮೆರಿಕ, ಯುರೋಪುಗಳಲ್ಲಿ ಸಾಕಷ್ಟು ದೊಡ್ಡದು. ಅಲ್ಲಿನ ಹವ್ಯಾಸಿಗಳಿಗೆ ಅಚ್ಚುಮೆಚ್ಚಾದ ಮೂರು ಹವಳಗಳಿವೆ: ಟಾರ್ಚ್, ಹ್ಯಾಮರ್, ಫ್ರಾಗ್‌ಸ್ಪಾನ್. ಮೂರಕ್ಕೂ ನೀರಿನ ಸೆಳೆತಕ್ಕೆ ತೂಗಾಡುವ ಮೆತ್ತನೆಯ ಬೆರಳುಗಳಿವೆ. ಬೆರಳ ತುದಿಯಲ್ಲಿ ಹೊಳೆಯುವ ಗುಂಡು ಇದ್ದರೆ ಟಾರ್ಚ್; ತುದಿ ಸುತ್ತಿಗೆಯಂತೆ ಅಡ್ಡಕ್ಕೆ ಚಾಚಿದ್ದರೆ ಹ್ಯಾಮರ್; ಕವಲೊಡೆದು ಕಪ್ಪೆಮೊಟ್ಟೆಯ ಗೊಂಚಲಿನಂತೆ ಕಂಡರೆ ಫ್ರಾಗ್‌ಸ್ಪಾನ್. ಇಷ್ಟು ಸುಲಭವಾಗಿ ಕಾಣುವ ಇವುಗಳ ವರ್ಗೀಕರಣ ಒಂದು ಹದಕ್ಕೆ ಬರಲು ವಿಜ್ಞಾನಕ್ಕೆ ಸುಮಾರು ಇನ್ನೂರು ವರ್ಷ ಹಿಡಿಯಿತು. ಇತಿಹಾಸದ ಸಂಶೋಧನಾ ವಿದ್ಯಾರ್ಥಿಯಾದ ನನ್ನ ಕುತೂಹಲವೆಲ್ಲ ಈ ತಡದ ಬಗ್ಗೆಯೇ.

ಹವಳ ಅಂದರೆ ನಮಗೆ ಮೊದಲು ನೆನಪಾಗುವುದು ಸರದ ಕೆಂಪು ಮಣಿ. ಹಳಗನ್ನಡದ ‘ಪವಳ’ವೂ ಅದೇ. ಆ ಮಣಿ ಪ್ರಾಣಿಯಲ್ಲ, ಪ್ರಾಣಿ ಬಿಟ್ಟುಹೋದ ಗಟ್ಟಿ ಭಾಗ. ನೀರಿನಿಂದ ಹೊರತೆಗೆದ ಹವಳದ ಮಾಂಸ ಕೊಳೆತು ಸುಣ್ಣದ ಎಲುಬಷ್ಟೇ ಉಳಿಯುತ್ತದೆ. ಬಹುಕಾಲ ವಿದ್ವಾಂಸರ ಕೈಗೆ ಸಿಗುತ್ತಿದ್ದುದೂ ಅಷ್ಟೇ. 1706ರಲ್ಲಿ ಇಟಲಿಯ ಮಾರ್ಸಿಲಿ ಮೆಡಿಟರೇನಿಯನ್ನಿನ ಕೆಂಪು ಹವಳವನ್ನು ಸಮುದ್ರದ ನೀರಿನಲ್ಲೇ ಇಟ್ಟು ನೋಡಿದಾಗ ಬಿಳಿಯ ‘ಹೂ’ಗಳು ಅರಳಿದವು, ಹವಳ ಗಿಡವೇ ಸರಿ ಎಂದು ಅವನು ತೀರ್ಮಾನಿಸಿದ. 1720ರ ದಶಕದಲ್ಲಿ ಮಾರ್ಸೇಯ ವೈದ್ಯ ಪೇಸ್ಸೊನೆಲ್, ಅವು ಹೂಗಳಲ್ಲ, ಪ್ರಾಣಿಗಳು ಎಂದ. ಪ್ಯಾರಿಸಿನ ಅಕಾಡೆಮಿಯಲ್ಲಿ ಈ ಮಾತನ್ನು ಪ್ರಸ್ತಾಪಿಸಿದ ರೆಯೊಮೂರ್ ಅವನ ಹೆಸರನ್ನೇ ಹೇಳಲಿಲ್ಲ, ತಾನೂ ನಂಬಲಿಲ್ಲ. 1740ರ ದಶಕದಲ್ಲಿ ಟ್ರೆಂಬ್ಲಿ ಸಿಹಿನೀರಿನ ಹೈಡ್ರಾದ ಮೇಲೆ ಪ್ರಯೋಗ ನಡೆಸಿದ ನಂತರವೇ ಪೇಸ್ಸೊನೆಲ್ ಮಾತಿಗೆ ಬೆಲೆ ಬಂದದ್ದು.

ಟಾರ್ಚ್ ಹವಳಕ್ಕೆ ವೈಜ್ಞಾನಿಕ ಹೆಸರು ಕೊಟ್ಟವರಲ್ಲಿ ಒಬ್ಬ ಕವಿ. ತನ್ನ ನೆರಳನ್ನೇ ಮಾರಿಕೊಂಡವನ ಕಥೆ ಬರೆದ ಶಾಮಿಸ್ಸೊ, 1815ರಿಂದ 1818ರವರೆಗೆ ‘ರೂರಿಕ್’ ಎಂಬ ರಷ್ಯನ್ ಹಡಗಿನಲ್ಲಿ ಲೋಕ ಸುತ್ತಿ ಬಂದಿದ್ದ. 1821ರಲ್ಲಿ ಐಸೆನ್‌ಹಾರ್ಟ್ ಜೊತೆ ಸೇರಿ ಈ ಹವಳವನ್ನು ವರ್ಣಿಸಿದ. ಆಮೇಲಿನ ಒಂದೂವರೆ ಶತಮಾನ ಕಲ್ಲುಹವಳಗಳ ವರ್ಗೀಕರಣ ಮುಖ್ಯವಾಗಿ ನಡೆದದ್ದು ಮ್ಯೂಸಿಯಮ್ಮಿನ ಒಣ ಎಲುಬುಗಳ ಮೇಲೆ.

ಸ್ಕೂಬಾ ಉಪಕರಣ ಬಂದ ಮೇಲೆ ವಿಜ್ಞಾನಿಗಳೇ ನೀರಿಗಿಳಿದರು. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ದುಡಿದ ವೆರನ್ ಮತ್ತು ಪಿಶೋನ್ 1980ರಲ್ಲಿ ಹ್ಯಾಮರ್‌ಗೆ ಯುಫಿಲಿಯಾ ಆಂಕೊರಾ ಎಂದೂ ಫ್ರಾಗ್‌ಸ್ಪಾನ್‌ಗೆ ಯುಫಿಲಿಯಾ ಡಿವೈಸಾ ಎಂದೂ ಹೆಸರಿಟ್ಟರು. ಇವೆರಡರ ಎಲುಬು ಒಂದೇ ತರಹ. ಬೇರೆ ಇರುವುದು ಬೆರಳ ತುದಿ ಮಾತ್ರ. ಮ್ಯೂಸಿಯಮ್ಮಿನ ಕಪಾಟಿನಲ್ಲಿ ಎಷ್ಟು ಹುಡುಕಿದರೂ ಈ ವ್ಯತ್ಯಾಸ ಸಿಗುವಂತಿರಲಿಲ್ಲ.

ಇತ್ತ 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್, ಸಮುದ್ರದ ಜೀವಂತ ಬಂಡೆಗಳನ್ನಿಟ್ಟು ಗಾಳಿಗುಳ್ಳೆ ಹಾಯಿಸಿ ಮನೆಯಲ್ಲೇ ಹವಳ ಸಾಕುವ ಬಗೆಯನ್ನು ಅಮೆರಿಕದ ಹವ್ಯಾಸಿ ಪತ್ರಿಕೆಯಲ್ಲಿ ಬರೆದರು. ಅಂಥ ತೊಟ್ಟಿಯ ಮುಂದೆ ಕೂತವರಿಗೆ ಕಣ್ಣೆದುರಿಗಿರುವುದು ಮಾಂಸ, ಎಲುಬಲ್ಲ. ಹಾಗೆಂದು ಅವರ ಕಣ್ಣೂ ಸಾಲದು. ಬೆರಳು ಮುದುಡಿಕೊಂಡರೆ ಗುರುತು ಸಿಗುವುದಿಲ್ಲ. ಬೆಳಕು ಬದಲಾದರೆ ಬಣ್ಣ ಬದಲಾಗುತ್ತದೆ. ಅಂಗಡಿಯವರು ಬಣ್ಣಕ್ಕೊಂದು ಹೆಸರು ಕಟ್ಟುತ್ತಾರೆ.

2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆರು ಪ್ರಭೇದಗಳ ಡಿಎನ್ಎ ಪರೀಕ್ಷಿಸಿತು. ಕವಲಾಗಿ ಬೆಳೆಯುವುದು, ಗೋಡೆಯಂತೆ ಬೆಳೆಯುವುದು ಎಂಬ ಎಲುಬಿನ ಭೇದ ವಂಶವನ್ನು ಸರಿಯಾಗಿ ತೋರಿಸುವುದಿಲ್ಲ. ಬೆರಳಿನ ಆಕಾರ, ಉದ್ದ ಮತ್ತು ಸಂತಾನೋತ್ಪತ್ತಿಯ ರೀತಿ ಹೆಚ್ಚು ಚೆನ್ನಾಗಿ ತೋರಿಸುತ್ತವೆ ಎಂದಿತು. ಟಾರ್ಚ್ ಯುಫಿಲಿಯಾ ಆಗಿಯೇ ಉಳಿಯಿತು. ಹ್ಯಾಮರ್, ಫ್ರಾಗ್‌ಸ್ಪಾನ್‌ಗಳು ಫಿಂಬ್ರಿಯಾಫಿಲಿಯಾ ಎಂಬ ಬೇರೆ ಕುಲಕ್ಕೆ ಸೇರಿದವು.

ಇದು ಪಂಡಿತರ ಜಗಳ ಮಾತ್ರವಲ್ಲ. ಕವಲೊಡೆದು ಬೆಳೆಯುವ ಫ್ರಾಗ್‌ಸ್ಪಾನನ್ನು ಅಮೆರಿಕ 2014ರಲ್ಲಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಅದರ ಎಲುಬನ್ನು ಕವಲೊಡೆಯುವ ಹ್ಯಾಮರ್‌ನ ಎಲುಬಿನಿಂದ ಬೇರ್ಪಡಿಸುವುದು ಕಷ್ಟ. ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದವಂತೂ ಅನೇಕ ಹವಳಗಳಿಗೆ ಕುಲದ ಹೆಸರಷ್ಟನ್ನೇ ಬರೆದರೂ ಒಪ್ಪಿಕೊಳ್ಳುತ್ತದೆ. ಹಾಗೆ ಬರೆದ ಕಾಗದದಲ್ಲಿ ಅಪರೂಪದ್ದೂ ಸಾಮಾನ್ಯದ್ದೂ ಒಂದೇ.

ಭಾರತದಲ್ಲಿ ಕಾನೂನಿನ ಮಟ್ಟಿಗೆ ಈ ತೊಡಕಿಲ್ಲ. 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟಕ್ಕೆ ಸೇರಿಸಲಾಯಿತು. ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿಯ ಹವಳಕ್ಕೂ ಹೆಸರು ಕೇಳದೆಯೇ ರಕ್ಷಣೆಯಿದೆ. ಆದರೆ ಸಮುದ್ರ ಬಿಸಿಯಾಗಿ ಹವಳ ಬಿಳಿಚಿ ಸತ್ತಾಗ ಯಾವುದು ಹೋಯಿತು ಎಂದು ಹೇಳಬೇಕಾಗುತ್ತದೆ. ಉಳಿಯುವುದು ಎಲುಬು; ಸತ್ತದ್ದು ಹ್ಯಾಮರೋ ಫ್ರಾಗ್‌ಸ್ಪಾನೋ ಎಂಬಷ್ಟನ್ನೂ ಅದು ಹೇಳಲಾರದು. ಲೆಕ್ಕ ಬರೆಯುವುದಾದರೆ ಬದುಕಿರುವಾಗಲೇ ಬರೆದಿಡಬೇಕು.