ಎರೆಹೊಲದ ಮುಳ್ಳು

ಹೋದ ಮಾಘಮಾಸದಲ್ಲಿ ನನ್ನ ಬಲಪಾದಕ್ಕೆ ಶಸ್ತ್ರಚಿಕಿತ್ಸೆಯಾದ ಸುದ್ದಿ ನಿಮ್ಮಲ್ಲಿ ಹಲವರಿಗೆ ತಲುಪಿದೆ. ಸಿಂಧನೂರಿನಿಂದ, ಮಸ್ಕಿಯಿಂದ, ದೂರದ ಬೆಂಗಳೂರಿನಿಂದಲೂ ಫೋನು ಮಾಡಿ "ಸರ್, ಈಗ ಹ್ಯಾಂಗ ಅದೀರಿ?" ಎಂದು ಕೇಳಿದವರಿಗೆಲ್ಲ "ಆರಾಮ" ಎಂದೇ ಉತ್ತರಿಸಿದೆ. ಅದು ಪೂರ್ಣ ಸತ್ಯವಲ್ಲ. ಹೊಲಿಗೆ ಬಿಚ್ಚಿ ನಾಲ್ಕು ತಿಂಗಳಾದರೂ ರಾತ್ರಿ ಮಲಗಿದಾಗ ಅಂಗಾಲಿನಲ್ಲಿ ಸೂಜಿ ಚುಚ್ಚಿದಂತಾಗುತ್ತದೆ. ನಿದ್ರೆ ಬಾರದ ಇತಿಹಾಸದ ಮೇಷ್ಟ್ರು ಇನ್ನೇನು ಮಾಡಿಯಾನು? ನೋವಿನ ಇತಿಹಾಸವನ್ನೇ ಹುಡುಕತೊಡಗಿದೆ.

ನನ್ನ ಅಂಗಾಲಿನಲ್ಲಿ ಇದ್ದದ್ದು ಒಂದು ಗಂಟು. ಎಷ್ಟೋ ವರ್ಷಗಳ ಹಿಂದೆ ಹೊಲದಲ್ಲಿ ಬರಿಗಾಲಲ್ಲಿ ನಡೆಯುವಾಗ ಜಾಲಿಮುಳ್ಳು ಮುರಿದು ಒಳಗೇ ಉಳಿದಿತ್ತು. ಗಂಟು ನೋಯುತ್ತಿರಲಿಲ್ಲವಾದ್ದರಿಂದ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸಣ್ಣ ರಂಧ್ರಗಳಾಗಿ, ಕಸಕಸೆಯಷ್ಟು ಕಪ್ಪು ಕಾಳುಗಳು ಕೀವಿನೊಡನೆ ಬರತೊಡಗಿದಾಗ ವೈದ್ಯರು ಹೆಸರು ಹೇಳಿದರು: ಮೈಸೆಟೋಮಾ, ಹಳೆಯ ಹೆಸರು 'ಮದುರಾ ಪಾದ'. ಮಣ್ಣಿನಲ್ಲಿರುವ ಶಿಲೀಂಧ್ರ ಅಥವಾ ಬ್ಯಾಕ್ಟೀರಿಯಾ ಗಾಯದ ಮೂಲಕ ಒಳಹೊಕ್ಕು ನಿಧಾನವಾಗಿ ಎಲುಬಿನವರೆಗೂ ಬೆಳೆಯುವ ರೋಗವಿದು. ವಿಚಿತ್ರವೆಂದರೆ ರೋಗ ನೋಯಿಸಲಿಲ್ಲ, ಚಿಕಿತ್ಸೆ ನೋಯಿಸುತ್ತಿದೆ.

1842ರಲ್ಲಿ ಮಧುರೆಯ ಗಿಲ್ ಎಂಬ ವೈದ್ಯ ಈ ಪಾದವನ್ನು ವರದಿ ಮಾಡಿದ. ಮಧುರೆಯ ಹೆಸರೇ ರೋಗಕ್ಕೆ ಉಳಿಯಿತು. ಆದರೆ ನನ್ನ ಕುತೂಹಲ ಕೆರಳಿದ್ದು ಇನ್ನೊಂದು ಹೆಸರಿನಿಂದ. 1846ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪಾದದ ಈ ರೋಗವನ್ನು ವಿವರಿಸಿದ ಗಾಡ್‌ಫ್ರೆ ಇದ್ದದ್ದು ನಮ್ಮ ನೆರೆಯ ಬಳ್ಳಾರಿಯಲ್ಲಿ! ತುಂಗಭದ್ರೆಯ ಆಚೆಯೂ ಈಚೆಯೂ ಅದೇ ಎರೆಮಣ್ಣು, ಅದೇ ಮುಳ್ಳು, ಅದೇ ಬರಿಗಾಲು. (ನಾವು ದಿನವೂ ಬೈಯುವ ಬಳ್ಳಾರಿ ಜಾಲಿ ಮಾತ್ರ ನಿರಪರಾಧಿ, ಅದು ಈ ದೇಶಕ್ಕೆ ಬಂದದ್ದು ಅನಂತರ.) 1860ರಲ್ಲಿ ಮುಂಬಯಿಯ ಹೆನ್ರಿ ವ್ಯಾಂಡೈಕ್ ಕಾರ್ಟರ್ ಇದಕ್ಕೆ ಮೈಸೆಟೋಮಾ ಎಂದು ಹೆಸರಿಟ್ಟ. 'ಗ್ರೇಸ್ ಅನಾಟಮಿ' ಎಂಬ ಪ್ರಸಿದ್ಧ ಗ್ರಂಥಕ್ಕೆ ಚಿತ್ರ ಬರೆದವನೂ ಇವನೇ.

ಆ ಕಾಲದಲ್ಲಿ ಇದ್ದ ಮದ್ದು ಒಂದೇ, ಕಾಲು ಕತ್ತರಿಸುವುದು. ಈಥರಿನ ಪ್ರಸಿದ್ಧ ಪ್ರಯೋಗ ಬಾಸ್ಟನ್ನಿನಲ್ಲಿ ನಡೆದದ್ದು 1846ರ ಅಕ್ಟೋಬರಿನಲ್ಲಿ, ಕ್ಲೋರೋಫಾರ್ಮ್ ಬಂದದ್ದು 1847ರಲ್ಲಿ. ಅದಕ್ಕೂ ಮೊದಲು ಕತ್ತರಿಸಿಕೊಂಡ ರೈತನನ್ನು ನೆನೆದರೆ ನನ್ನ ರಾತ್ರಿಯ ಚುಚ್ಚುವಿಕೆಗೆ ನಾಚಿಕೆಯಾಗುತ್ತದೆ. ಹಾಗೆಂದು ಅದು ಕಡಿಮೆಯಾಗುವುದಿಲ್ಲ, ಅದು ಬೇರೆ ಮಾತು.

ಕ್ಲೋರೋಫಾರ್ಮಿನ ಕಥೆ ನಮ್ಮ ರಾಜ್ಯದ್ದೂ ಹೌದು, ಅಂದರೆ ನಿಜಾಮರ ರಾಜ್ಯದ್ದು. 1853ರಲ್ಲಿ ಇಂಗ್ಲಿಷರ ಕೈಗೆ ಹೋದ ರಾಯಚೂರು ದೋಆಬ್ 1860ರಲ್ಲಿ ನಿಜಾಮರಿಗೆ ಮರಳಿತು. ಲಿಂಗಸುಗೂರು ಆಗ ದಂಡಿನ ಊರು, ಮುಂದೆ 1905ರವರೆಗೆ ಜಿಲ್ಲೆಯ ಹೆಸರೂ ಅದೇ. ಆ ದಿನಗಳಲ್ಲೇ, 1888 ಮತ್ತು 1889ರಲ್ಲಿ, ಹೈದರಾಬಾದಿನಲ್ಲಿ ಎಡ್ವರ್ಡ್ ಲಾರಿ ನಿಜಾಮರ ನೆರವಿನಿಂದ ಕ್ಲೋರೋಫಾರ್ಮ್ ಆಯೋಗಗಳನ್ನು ನಡೆಸಿದ. ಈ ಔಷಧ ಹೃದಯವನ್ನು ನೇರವಾಗಿ ನಿಲ್ಲಿಸುವುದಿಲ್ಲ, ಉಸಿರನ್ನು ನೋಡಿಕೊಂಡರೆ ಸಾಕು ಎಂಬುದು ಅವರ ತೀರ್ಮಾನ. ಆ ತೀರ್ಮಾನ ತಪ್ಪೆಂದು 1911ರಲ್ಲಿ ಲೆವಿ ಎಂಬಾತ ತೋರಿಸಿದ. ಆದರೂ ಉಸಿರನ್ನು ಎಚ್ಚರದಿಂದ ಗಮನಿಸುವ ಪಾಠ ವ್ಯರ್ಥವಾಗಲಿಲ್ಲ ಎಂದೇ ನನ್ನ ಅಭಿಪ್ರಾಯ.

ಇಂದು ಗಂಟನ್ನಷ್ಟೇ ತೆಗೆದು ಪಾದ ಉಳಿಸುತ್ತಾರೆ. ಶಿಲೀಂಧ್ರದ ಬಗೆಯಾದರೆ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು. ಬ್ಯಾಕ್ಟೀರಿಯಾದ್ದಾದರೆ ಔಷಧಕ್ಕೇ ಬಹುಮಟ್ಟಿಗೆ ಬಗ್ಗುತ್ತದೆ. ನನ್ನದು ಮೊದಲನೆಯದು, ಮತ್ತೆ ಮರುಕಳಿಸಬಹುದಾದದ್ದು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನಿರ್ಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿದ್ದು 2016ರಲ್ಲಿ, ಗಾಡ್‌ಫ್ರೆ ಬರೆದು 170 ವರ್ಷಗಳ ಮೇಲೆ. ಬಡವರ ಪಾದವೆಂದರೆ ಇಷ್ಟು ತಡ. ನೋವಿಲ್ಲದ ಗಂಟೆಂದು ನನ್ನಂತೆ ಸುಮ್ಮನೆ ಕೂರಬೇಡಿ, ನಾಲೆಯ ಬದಿಯ ಗದ್ದೆಗಳಲ್ಲಿ ಇನ್ನೂ ಬರಿಗಾಲಲ್ಲಿ ಇಳಿಯುವ ನಮ್ಮ ಮನೆಯವರಿಗೂ ಇದನ್ನು ಓದಿ ಹೇಳಿ.

ಮಸ್ಕಿಯ ಗುಡ್ಡದ ಬಂಡೆ ನಿಮಗೆ ನೆನಪಿದೆಯಲ್ಲ? 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಕಂಡ, ಅಶೋಕನ ಹೆಸರೇ ಕೆತ್ತಿರುವ ಶಾಸನದ ಬಂಡೆ. ವರ್ಷವರ್ಷವೂ ನಿಮ್ಮನ್ನು ಸಾಲಾಗಿ ನಿಲ್ಲಿಸಿ ಅಲ್ಲಿಗೆ ಹತ್ತಿಸುತ್ತಿದ್ದೆ. ಈಗ ಮನೆಯ ಅಂಗಳದಲ್ಲಿ ಕೋಲು ಹಿಡಿದು ಇಪ್ಪತ್ತು ಸುತ್ತು ಹಾಕುತ್ತೇನೆ. ಇಪ್ಪತ್ತೊಂದನೆಯದಕ್ಕೆ ಮೊಮ್ಮಗಳು "ಸಾಕು ತಾತ" ಎನ್ನುತ್ತಾಳೆ. ಮುಂದಿನ ತಿಂಗಳು ಮತ್ತೆ ಸ್ಕ್ಯಾನ್ ಇದೆ.